ಮೊದಲು ತಂಪು, ಆಮೇಲೆ ಸದ್ದು

ಈ ಅಂಕಣಕ್ಕೆ ಬರೋ ಮೆಸೇಜುಗಳಲ್ಲಿ ಪದೇ ಪದೇ ಬರೋ ಪ್ರಶ್ನೆ ಒಂದಿದೆ: "ಟರ್ಬೊ ಕಾರ್ ತಗೊಂಡಿದೀನಿ. ಮೊದಲು ಇಂಟೇಕ್ ಹಾಕಿಸ್ಲಾ, ಇಂಟರ್‌ಕೂಲರ್ ಹಾಕಿಸ್ಲಾ?"

ಒಂದೇ ಸಾಲಲ್ಲಿ ಉತ್ತರ ಬೇಕಾದವರಿಗೆ: ನೀವು ಓಡಿಸೋದು ನಮ್ಮ ಕುಟ್ಟದ ಕಡೆಯ ರಸ್ತೆಯಲ್ಲಾದರೆ ಇಂಟರ್‌ಕೂಲರ್ ಹಾಕಿಸಿ, ಇಂಟೇಕ್ ಕಂಪನಿಯದ್ದೇ ಇರಲಿ. ಯಾಕೆ ಅಂತ ತಿಳ್ಕೋಬೇಕು ಅನ್ನೋರು ಮುಂದೆ ಓದಿ.

ಉದಾಹರಣೆಗೆ ಒಂದು ಕಾರು ಇಟ್ಟುಕೊಳ್ಳೋಣ. ನನ್ನ ಗೆಳೆಯನೊಬ್ಬನ ಹತ್ತಿರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ಇದೆ. 2017ರಲ್ಲಿ ಭಾರತಕ್ಕೆ ಬಂದ ಮಾಡೆಲ್. 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಪಿಎಸ್ ಶಕ್ತಿ, 350 ಎನ್‌ಎಂ ಟಾರ್ಕ್. ನೋಡೋಕೆ ಫ್ಯಾಮಿಲಿ ಸೆಡಾನ್, ಕಾಲಿಟ್ಟರೆ ಸ್ಪೋರ್ಟ್ಸ್ ಕಾರು. ವಾರವಿಡೀ ಬೆಂಗಳೂರಲ್ಲಿ ಕೆಲಸ, ಶನಿವಾರ ಕುಟ್ಟದ ತೋಟ. ಇದೇ ಕಾರಲ್ಲಿ ಅಪ್ಪನನ್ನ ಮೈಸೂರಿನ ಆಸ್ಪತ್ರೆಗೂ ಕರ್ಕೊಂಡು ಹೋಗ್ತಾನೆ, ಕೆಲವೊಮ್ಮೆ ರಾತ್ರಿ. ಹಾಗಾಗಿ ಪಾರ್ಟ್ಸ್ ಆರಿಸೋಕೆ ಕೂತಾಗ ಅವನು ಹಾಕಿದ ಷರತ್ತು ಒಂದೇ: "ಏನೇ ಹಾಕಿದ್ರೂ ಕಾರು ದಾರೀಲಿ ನಿಲ್ಬಾರ್ದು." ನಾನು ನೋಡಿದ ಮಟ್ಟಿಗೆ ಮಾಡಿಫಿಕೇಶನ್‌ಗೆ ಇದಕ್ಕಿಂತ ಒಳ್ಳೆ ಸ್ಪೆಸಿಫಿಕೇಶನ್ ಇಲ್ಲ.

ಟರ್ಬೊ ಅಂದ್ರೆ ಬಿಸಿಗಾಳಿ ಯಂತ್ರ

ಸೈಕಲ್ ಪಂಪಿಂದ ಟೈರಿಗೆ ಗಾಳಿ ಹೊಡೆದು ಪಂಪಿನ ತುದಿ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಗಾಳಿಯನ್ನ ಒತ್ತಿದರೆ ಅದು ಬಿಸಿಯಾಗುತ್ತೆ. ಟರ್ಬೊ ಮಾಡೋದೂ ಅದೇ, ಆದರೆ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿದ ವೇಗದಲ್ಲಿ.

ಲೆಕ್ಕ ಹಾಕೋಣ. ಹೊರಗೆ 30 ಡಿಗ್ರಿ. ಟರ್ಬೊ ಗಾಳಿಯ ಒತ್ತಡವನ್ನ ಎರಡರಷ್ಟು ಮಾಡುತ್ತೆ ಅಂತಿಟ್ಟುಕೊಳ್ಳಿ, ಕಂಪ್ರೆಸರ್ ದಕ್ಷತೆ ಶೇ. 70 ಅನ್ನಿ. ಟರ್ಬೊ ದಾಟಿ ಬರೋ ಗಾಳಿ ಹೆಚ್ಚುಕಮ್ಮಿ 125 ಡಿಗ್ರಿ ಇರುತ್ತೆ. ಆ ಗಾಳಿ ಹಾಗೇ ಸಿಲಿಂಡರಿಗೆ ಹೋದರೆ ಎರಡು ನಷ್ಟ. ಬಿಸಿಗಾಳಿ ತೆಳು, ಅಂದರೆ ಅದರಲ್ಲಿ ಆಮ್ಲಜನಕ ಕಡಿಮೆ. ಜೊತೆಗೆ ಪೆಟ್ರೋಲು ಸ್ಪಾರ್ಕಿಗೂ ಮೊದಲೇ ಅಥವಾ ಹದ ತಪ್ಪಿ ಉರಿಯೋ ಅಪಾಯ, ಅಂದರೆ ನಾಕಿಂಗ್. ನಾಕ್ ಸೆನ್ಸರ್ ಕೂಗಿದ ತಕ್ಷಣ ಇಸಿಯು ಸ್ಪಾರ್ಕನ್ನ ಹಿಂದಕ್ಕೆ ತಳ್ಳುತ್ತೆ. ಎಂಜಿನ್ ಉಳಿಯುತ್ತೆ, ಶಕ್ತಿ ಇಳಿಯುತ್ತೆ.

ಇಂಟರ್‌ಕೂಲರ್ ಇರೋದು ಇದಕ್ಕೇ. ಅದು ಗಾಳಿಯನ್ನ ತಣಿಸೋ ರೇಡಿಯೇಟರ್. 125 ಡಿಗ್ರಿಯ ಗಾಳಿಯನ್ನ 50ಕ್ಕೆ ಇಳಿಸಿದರೆ, ಅದೇ ಒತ್ತಡದಲ್ಲಿ ಸುಮಾರು ಶೇ. 23ರಷ್ಟು ಹೆಚ್ಚು ಗಾಳಿ ಸಿಲಿಂಡರಿಗೆ ಹೋಗುತ್ತೆ. ಕಂಪನಿ ಕೊಟ್ಟ ಇಂಟರ್‌ಕೂಲರ್ ಈ ಕೆಲಸ ಚೆನ್ನಾಗೇ ಮಾಡುತ್ತೆ. ಆದರೆ ಎಷ್ಟು ಹೊತ್ತು ಮಾಡುತ್ತೆ ಅನ್ನೋದು ಪ್ರಶ್ನೆ.

ನಮ್ಮ ರಸ್ತೆಯ ಲೆಕ್ಕ ಬೇರೆ

ಮೊದಲನೇದು ಎತ್ತರ. 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ. 10ರ ಹತ್ತಿರ ಕಡಿಮೆ. ಬೆಂಗಳೂರೂ ಅಷ್ಟೇ ಎತ್ತರದಲ್ಲಿದೆ, ಮಡಿಕೇರಿ ಇನ್ನೂ ಮೇಲೆ. ಅದೇ ಬೂಸ್ಟ್ ತಲುಪೋಕೆ ಟರ್ಬೊ ಎರಡರಷ್ಟಲ್ಲ, 2.2ರಷ್ಟು ಒತ್ತಬೇಕು. ಮೇಲಿನ ಲೆಕ್ಕದಲ್ಲೇ ಹಾಕಿ ನೋಡಿ, ಗಾಳಿ ಇನ್ನೂ 15 ಡಿಗ್ರಿ ಬಿಸಿ. ಮಂಗಳೂರಲ್ಲಿ ಟೆಸ್ಟ್ ಮಾಡಿದ ಕಾರು ಇಲ್ಲಿ ಹಾಗೇ ಓಡಲ್ಲ.

ಎರಡನೇದು ಲಾರಿಗಳು. 2009ರಿಂದ ಬಂಡೀಪುರ ಕಾಡಿನೊಳಗಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಸಂಚಾರ ಬಂದ್. ಮೈಸೂರಿಂದ ವಯನಾಡಿಗೆ ಆಗ ಉಳಿಯೋ ದಾರಿ ಹುಣಸೂರು, ಗೋಣಿಕೊಪ್ಪ, ಕುಟ್ಟ. ರಾತ್ರಿ ಈ ರಸ್ತೆಯಲ್ಲಿ ಓಡಿಸಿದವರಿಗೆ ಹೇಳಬೇಕಾಗಿಲ್ಲ: ಲೋಡ್ ಲಾರಿಯ ಹಿಂದೆ 20ರ ವೇಗದಲ್ಲಿ ತೆವಳ್ತಾ ಕಿಲೋಮೀಟರ್‌ಗಟ್ಟಲೆ ಏರು, ಕೊನೆಗೊಮ್ಮೆ ದಾರಿ ನೇರವಾಗಿ ಕಂಡಾಗ ಕಾಲು ಒತ್ತಬೇಕು.

ಇಂಟರ್‌ಕೂಲರಿಗೆ ಇದಕ್ಕಿಂತ ಕೆಟ್ಟ ಸನ್ನಿವೇಶ ಇಲ್ಲ. ನಿಧಾನಕ್ಕೆ ಹೋಗೋವಾಗ ಮುಂದಿನಿಂದ ಗಾಳಿ ಹೊಡೆಯಲ್ಲ, ಮುಂದಿರೋ ಎಸಿ ಕಂಡೆನ್ಸರ್ ಮತ್ತು ಹಿಂದಿರೋ ರೇಡಿಯೇಟರಿನ ಶಾಖ ಅದಕ್ಕೆ ಹತ್ತುತ್ತೆ. ಇದನ್ನೇ ಹೀಟ್ ಸೋಕ್ ಅನ್ನೋದು. ಓವರ್‌ಟೇಕ್ ಮಾಡೋ ಹೊತ್ತಿಗೆ ಇಂಟರ್‌ಕೂಲರ್ ಕೂಲರ್ ಆಗಿ ಉಳಿದಿರಲ್ಲ. ಬ್ರೋಷರ್‌ನ 230 ಪಿಎಸ್ ನಿಮಗೆ ಬೇಕಾದ ಆ ನಾಲ್ಕು ಸೆಕೆಂಡಲ್ಲೇ ಪೂರ್ತಿ ಸಿಗಲ್ಲ.

ಹಾಗಾಗಿ ಇಲ್ಲಿ ದೊಡ್ಡ ಇಂಟರ್‌ಕೂಲರಿನ ಪ್ರಯೋಜನ ಪೀಕ್ ಪವರ್ ಅಲ್ಲ. ಎರಡನೇ, ಮೂರನೇ ಸಲ ಕಾಲೊತ್ತಿದಾಗಲೂ ಮೊದಲನೇ ಸಲದ್ದೇ ಎಳೆತ ಸಿಗೋದು. ಇಸಿಯು ಟ್ಯೂನ್ ಮಾಡದ ಕಾರಿಗೆ ಬರೀ ಇಂಟರ್‌ಕೂಲರ್ ಹಾಕಿ "30 ಪಿಎಸ್ ಜಾಸ್ತಿ ಆಗುತ್ತೆ" ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ಹಾಗಾದ್ರೆ ಇಂಟೇಕ್?

ಇಂಟೇಕ್ ಮುಖ್ಯವೇ ಅಲ್ಲ ಅಂತಲ್ಲ. ವಿಶ್ವ ರ‍್ಯಾಲಿಯಲ್ಲಿ 1995ರಿಂದ ಟರ್ಬೊ ಬಾಯಿಗೆ 34 ಎಂಎಂ ರಿಸ್ಟ್ರಿಕ್ಟರ್ ಕಡ್ಡಾಯವಿತ್ತು. ಗಾಳಿ ಕಮ್ಮಿ ಮಾಡಿದರೆ ಶಕ್ತಿ ತಾನಾಗೇ ಕಮ್ಮಿ. ಅದೇ ವರ್ಷ ಸ್ಪೇನಿನ ಕ್ಯಾಟಲುನ್ಯಾ ರ‍್ಯಾಲಿಯಲ್ಲಿ ಟೊಯೊಟಾ ತಂಡ ಆ ರಿಸ್ಟ್ರಿಕ್ಟರ್ ತಪ್ಪಿಸಿ ಗಾಳಿ ನುಗ್ಗಿಸೋ ಗುಪ್ತ ವ್ಯವಸ್ಥೆ ಇಟ್ಟು ಸಿಕ್ಕಿಬಿತ್ತು. ಒಂದು ವರ್ಷ ನಿಷೇಧ. ಅಷ್ಟು ದೊಡ್ಡ ತಂಡ ಅಷ್ಟು ದೊಡ್ಡ ಅಪಾಯ ತಗೊಂಡಿತು ಅಂದರೆ ಗಾಳಿಯ ಬೆಲೆ ಗೊತ್ತಾಗುತ್ತೆ.

ಆದರೆ ನಿಮ್ಮ ಕಾರಲ್ಲಿ ಅಂಥ ರಿಸ್ಟ್ರಿಕ್ಟರ್ ಇಲ್ಲ. ಕಂಪನಿಯ ಏರ್‌ಬಾಕ್ಸ್ ಆ ಎಂಜಿನ್ನಿಗೆ ಬೇಕಾದಷ್ಟು ಗಾಳಿ ಕೊಡೋ ಹಾಗೇ ಮಾಡಿರ್ತಾರೆ. ದೊಡ್ಡ ಟರ್ಬೊ ಹಾಕಿದಾಗ ಅದು ಸಾಲದೇ ಹೋಗಬಹುದು, ಸ್ಟಾಕ್ ಟರ್ಬೊದಲ್ಲಿ ವ್ಯತ್ಯಾಸ ಅತ್ಯಲ್ಪ. ಓಪನ್ ಕೋನ್ ಫಿಲ್ಟರಿನಿಂದ ಸಿಗೋದು ಮುಖ್ಯವಾಗಿ ಸದ್ದು. ಆ "ಫುಸ್ಸ್" ನನಗೂ ಇಷ್ಟ, ಸುಳ್ಳು ಹೇಳಲ್ಲ. ಆದರೆ ಹೀಟ್ ಶೀಲ್ಡ್ ಸರಿಯಿಲ್ಲದ ಕೋನ್ ಫಿಲ್ಟರ್ ಎಳೆಯೋದು ಬಾನೆಟ್ ಒಳಗಿನ ಬಿಸಿಗಾಳಿಯನ್ನ. ಇಂಟರ್‌ಕೂಲರಿಗೆ ದುಡ್ಡು ಕೊಟ್ಟು ತಣ್ಣಗೆ ಮಾಡೋ ಗಾಳಿಯನ್ನ ಬಾಗಿಲಲ್ಲೇ ಬಿಸಿ ಮಾಡಿ ಕಳಿಸಿದ ಹಾಗೆ.

ಕೊಡಗಿಗೆ ಇನ್ನೆರಡು ಕಾರಣ ಸೇರಿಸಿ. ಒಂದು ಧೂಳು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ತೋಟದ ರಸ್ತೆಯ ಕೆಮ್ಮಣ್ಣು ಹೇಗೆ ಏಳುತ್ತೆ ಅಂತ ಗೊತ್ತಲ್ಲ. ಸಣ್ಣ ಧೂಳು ಫಿಲ್ಟರ್ ದಾಟಿದರೆ ಸಿಲಿಂಡರ್ ಗೋಡೆಯನ್ನ ಮರಳು ಕಾಗದದ ಹಾಗೆ ಉಜ್ಜುತ್ತೆ. ಆಫ್ಟರ್‌ಮಾರ್ಕೆಟ್ ಫಿಲ್ಟರ್ ತಗೊಳ್ಳೋದೇ ಆದರೆ ಐಎಸ್‌ಒ 5011 ಟೆಸ್ಟ್ ರಿಪೋರ್ಟ್ ಇದೆಯಾ ಕೇಳಿ. ಫಿಲ್ಟರ್ ಎಷ್ಟು ಧೂಳು ಹಿಡಿಯುತ್ತೆ ಅಂತ ಅಳೆಯೋ ಮಾನದಂಡ ಅದು. ಎಣ್ಣೆ ಹಚ್ಚೋ ಕಾಟನ್ ಫಿಲ್ಟರಿಗೆ ಎಣ್ಣೆ ಜಾಸ್ತಿ ಆದರೆ, ಏರ್‌ಫ್ಲೋ ಸೆನ್ಸರ್ ಇರೋ ಕಾರುಗಳಲ್ಲಿ ಅದು ಸೆನ್ಸರಿಗೆ ಮೆತ್ತಿಕೊಂಡು ತಪ್ಪು ಲೆಕ್ಕ ಕೊಡಿಸುತ್ತೆ.

ಇನ್ನೊಂದು ಮಳೆ. ಬಂಪರಿನ ಕೆಳಗೆ ಬಾಯಿ ಇರೋ ಕೋಲ್ಡ್ ಏರ್ ಇಂಟೇಕ್ ಬೇಸಿಗೆಯಲ್ಲಿ ಚೆಂದ. ಜುಲೈ ತಿಂಗಳ ಕುಟ್ಟದಲ್ಲಿ ರಸ್ತೆ ಮೇಲೆ ಹರಿಯೋ ನೀರಿಗೆ ಅದೇ ಬಾಯಿ. ಗಾಳಿಯನ್ನ ಒತ್ತಬಹುದು, ನೀರನ್ನ ಒತ್ತೋಕಾಗಲ್ಲ. ಸಿಲಿಂಡರಿಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಎಂಜಿನ್ ಪ್ರೊಟೆಕ್ಟ್ ಆ್ಯಡ್ ಆನ್ ಇಲ್ಲದ ಇನ್ಶೂರೆನ್ಸ್ ಸಾಮಾನ್ಯವಾಗಿ ಇದಕ್ಕೆ ದುಡ್ಡು ಕೊಡಲ್ಲ.

ಗೆಳೆಯನ ಷರತ್ತು ನೆನಪಿದೆಯಲ್ಲ? ಇಂಟೇಕ್ ಅಲ್ಲಿಗೇ ಪಟ್ಟಿಯಿಂದ ಹೊರಗೆ. ಹೊಸ ಪೇಪರ್ ಫಿಲ್ಟರ್ ಹಾಕಿ ಏರ್‌ಬಾಕ್ಸ್ ಮುಚ್ಚಿದೆವು.

ಕಣದಲ್ಲಿ ಒಂದು ದಿನ

ಮೇ ತಿಂಗಳಲ್ಲಿ ಕಾಫಿ ಒಣಗಿಸೋ ಕಣ ಖಾಲಿ. ಸಮತಟ್ಟು ಸಿಮೆಂಟು ನೆಲ, ಜ್ಯಾಕ್ ಇಡೋಕೆ ಇದಕ್ಕಿಂತ ಒಳ್ಳೆ ಗ್ಯಾರೇಜ್ ಬೇಡ. ಜೊತೆಗೆ ಈ ಕಾರುಗಳ ಕೈಚಳಕ ಇರೋ ಒಬ್ಬ ಮೆಕ್ಯಾನಿಕ್. ಅದಿಲ್ಲದೆ ಶುರು ಮಾಡಬೇಡಿ.

ನಾವು ಆರಿಸಿದ್ದು ಮೂಲ ಮೌಂಟಿಂಗ್‌ಗೇ ಕೂರೋ, ಬಂಪರ್ ಕತ್ತರಿಸಬೇಕಿಲ್ಲದ ಕೋರ್. ಬಾರ್ ಅಂಡ್ ಪ್ಲೇಟ್ ಮಾದರಿ ಭಾರ ಜಾಸ್ತಿ, ಆದರೆ ಲೋಹ ಹೆಚ್ಚಿರೋದರಿಂದ ಶಾಖ ನುಂಗೋ ಶಕ್ತಿಯೂ ಜಾಸ್ತಿ. ಟ್ಯೂಬ್ ಅಂಡ್ ಫಿನ್ ಹಗುರ, ತನ್ನ ಮೂಲಕ ಗಾಳಿಯನ್ನ ಹಿಂದಿನ ರೇಡಿಯೇಟರಿಗೆ ಸಲೀಸಾಗಿ ಬಿಡುತ್ತೆ. ಟ್ರ್ಯಾಕಲ್ಲಿ ಒಂದೇ ಸಮ ವೇಗವಾಗಿ ಓಡೋರಿಗೆ ಎರಡನೇದು ಸರಿ. ತೆವಳಿ ತೆವಳಿ ಒಮ್ಮೆ ನುಗ್ಗೋ ನಮ್ಮ ರಸ್ತೆಗೆ ಮೊದಲನೇದು. ತುಂಬ ದಪ್ಪದ್ದು ಬೇಡ. ರೇಡಿಯೇಟರಿಗೆ ಗಾಳಿ ಸಾಲದೆ ಕೂಲಂಟ್ ಬಿಸಿಯಾದರೆ ಒಂದು ರೋಗ ಹೋಗಿ ಇನ್ನೊಂದು ಬಂದ ಹಾಗೆ.

ಕೆಲಸದ ಕ್ರಮ ಹೀಗೆ. ವೀಲ್ ಆರ್ಚ್ ಲೈನರಿನ ಸ್ಕ್ರೂಗಳು, ಆಮೇಲೆ ಬಂಪರ್. ಹೆಚ್ಚಿನವು ಟಾರ್ಕ್ಸ್ ಸ್ಕ್ರೂ. ತೆಗೆದದ್ದನ್ನ ತೆಗೆದ ಜಾಗದ ಹೆಸರು ಬರೆದು ಬೇರೆ ಬೇರೆ ಡಬ್ಬಿಗೆ ಹಾಕಿ. ನಂತರ ರೇಡಿಯೇಟರ್ ಹೊತ್ತಿರೋ ಮುಂದಿನ ಫ್ರೇಮನ್ನ ಸರ್ವಿಸ್ ಪೊಸಿಷನ್‌ಗೆ ಎಳೆಯಬೇಕು. ಈ ಕಾರಲ್ಲಿ ಇಂಟರ್‌ಕೂಲರ್ ಇರೋದು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ, ಸ್ಯಾಂಡ್‌ವಿಚ್ ಥರ. ಎಸಿ ಗ್ಯಾಸ್ ಪೈಪು ಬಗ್ಗಿಸದೆ, ಕೂಲಂಟ್ ಚೆಲ್ಲದೆ ಹೊಸ ಕೋರ್ ನಡುವೆ ಇಳಿಸೋದೇ ನಿಜವಾದ ಕಸರತ್ತು. ಕಂಡೆನ್ಸರನ್ನ ಹಗ್ಗದಿಂದ ಮೇಲಕ್ಕೆ ಕಟ್ಟಿಡಿ, ಪೈಪಿನ ಮೇಲೆ ತೂಗುಬಿಡಬೇಡಿ.

ಪೈಪುಗಳ ತುದಿಯ ಓ ರಿಂಗ್ ಹೊಸದಿರಲಿ. ಎಲ್ಲ ಜೋಡಿಸಿದ ಮೇಲೆ, ಬಂಪರ್ ಹಾಕೋ ಮೊದಲು ಲೀಕ್ ಟೆಸ್ಟ್. ಟರ್ಬೊ ಬಾಯಿಗೆ ಕ್ಯಾಪ್ ಹಾಕಿ, ಪಂಕ್ಚರ್ ಅಂಗಡಿಯ ಕಂಪ್ರೆಸರಿಂದ ಅರ್ಧ ಬಾರ್ ಗಾಳಿ ಬಿಟ್ಟು, ಜಾಯಿಂಟುಗಳಿಗೆ ಬ್ರಶ್ಶಲ್ಲಿ ಸೋಪುನೀರು ಹಚ್ಚೋದು. ಟೈರ್ ಪಂಕ್ಚರ್ ಹುಡುಕೋ ವಿದ್ಯೆಯೇ. ಬಿಸಿಗಾಳಿ ಬರೋ ಬದಿಯ ಒಂದು ಜಾಯಿಂಟಲ್ಲಿ ಗುಳ್ಳೆ ಬಂತು. ಕ್ಲಿಪ್ ಪೂರ್ತಿ ಕೂತಿರಲಿಲ್ಲ. ಮತ್ತೆ ಕೂರಿಸಿದ ಮೇಲೆ ನಿಂತಿತು. ಈ ಹತ್ತು ನಿಮಿಷ ಉಳಿಸೋಕೆ ಹೋದರೆ ಆಮೇಲೆ ಕಾರು ಎಳೀತಿಲ್ಲ ಅಂತ ವಾರಗಟ್ಟಲೆ ಅಲೆಯಬೇಕಾಗುತ್ತೆ.

ಅಳೆಯದೆ ನಂಬಬೇಡಿ

ಆಫೀಸಲ್ಲಿ ಲಾಗ್ ಇಲ್ಲದೆ ಬಗ್ ಕ್ಲೋಸ್ ಮಾಡಲ್ಲ, ಕಾರಿಗೂ ಅದೇ ನಿಯಮ. ಒಬಿಡಿ ಪೋರ್ಟಿಗೆ ಸಣ್ಣ ಡಾಂಗಲ್ ಹಾಕಿದರೆ ಇಂಟೇಕ್ ಏರ್ ಟೆಂಪರೇಚರ್ ಫೋನಲ್ಲೇ ದಾಖಲಾಗುತ್ತೆ. ಪಾರ್ಟ್ ಹಾಕೋ ಮೊದಲೂ ಆಮೇಲೂ ಒಂದೇ ರಸ್ತೆ, ಒಂದೇ ಹೊತ್ತು, ಒಂದೇ ಪೆಟ್ರೋಲು. ಫೋನು ಪಕ್ಕದಲ್ಲಿ ಕೂತವರ ಕೈಯಲ್ಲಿ.

ನಾವು ನೋಡಿದ್ದು ಗೋಣಿಕೊಪ್ಪದಿಂದ ಕುಟ್ಟದ ತನಕದ ಏರಿಳಿತ. ಲಾರಿ ಹಿಂದೆ ತೆವಳಿ ಕಾಲೊತ್ತಿದಾಗ ಮೊದಲು 60 ಡಿಗ್ರಿ ದಾಟ್ತಿದ್ದದ್ದು ಈಗ 45ರ ಆಸುಪಾಸಲ್ಲಿ ನಿಲ್ಲುತ್ತೆ, ಬೇಗ ಇಳಿಯುತ್ತೆ ಕೂಡ. ಒಂದು ಕಾರು, ಕೆಲವೇ ದಿನಗಳ ಲೆಕ್ಕ ಇದು, ನಿಮ್ಮದರಲ್ಲಿ ಬೇರೆ ಬರಬಹುದು. ಮೊದಲು ಲಾಗ್ ಮಾಡಿದಾಗ ನಿಮ್ಮ ಕಾರಿನ ಗಾಳಿ ಹೊರಗಿನದಕ್ಕಿಂತ ಹತ್ತು ಹದಿನೈದು ಡಿಗ್ರಿಯಷ್ಟೇ ಮೇಲಿದ್ದರೆ ಇಂಟರ್‌ಕೂಲರಿಗೂ ದುಡ್ಡು ಹಾಕಬೇಡಿ. ನಿಮ್ಮ ಓಡಾಟಕ್ಕೆ ಕಂಪನಿಯದ್ದೇ ಸಾಕು.

ಗಡಿ ದಾಟೋ ಮುಂಚೆ

ಕುಟ್ಟದಿಂದ ಸ್ವಲ್ಪ ಮುಂದೆ ಹೋದರೆ ತೋಲ್ಪೆಟ್ಟಿ, ಕೇರಳ. ಮಾಡಿಫೈ ಮಾಡಿದ ಗಾಡಿಗಳ ವಿಷಯದಲ್ಲಿ ಅಲ್ಲಿನ ಮೋಟಾರು ವಾಹನ ಇಲಾಖೆ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು, ಆ ಪ್ರಕರಣ ಹೋದದ್ದೂ ಕೇರಳದಿಂದಲೇ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಬದಲಾವಣೆಗೆ, ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು ಅಂತ ಬಂತು.

ಆರ್‌ಸಿಯಲ್ಲಿ ಇಂಟರ್‌ಕೂಲರ್ ಅನ್ನೋ ಕಾಲಮ್ ಇಲ್ಲ ನಿಜ. ಆದರೂ ರಸ್ತೆ ಬದಿ ವಾದ ಮಾಡೋದಕ್ಕಿಂತ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿ, ಹಳೇ ಪಾರ್ಟ್ ಎಸೆಯದೆ ಅಟ್ಟದ ಮೇಲಿಡಿ. ಕಾರು ಮಾರೋ ದಿನ ಸ್ಟಾಕ್ ಇಂಟರ್‌ಕೂಲರ್ ವಾಪಸ್ ಹಾಕಿದರೆ ಹೊಸದನ್ನ ಬೇರೆಯಾಗೇ ಮಾರಬಹುದು.

ಕೊನೆಗೆ ಖರ್ಚಿನ ಕ್ರಮ, ಸ್ಕ್ರೀನ್‌ಶಾಟ್ ತಗೊಳ್ಳೋರಿಗೆ: ಮೊದಲು ಸರ್ವಿಸ್, ಹೊಸ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್. ಆಮೇಲೆ ಒಳ್ಳೆ ಟೈರು, ಬ್ರೇಕು. ಆಮೇಲೆ ಡಾಂಗಲ್, ಒಂದು ವಾರದ ಲಾಗ್. ಲಾಗ್ ಬೇಕು ಅಂದರೆ ಇಂಟರ್‌ಕೂಲರ್. ಇಷ್ಟೆಲ್ಲ ಆಗಿಯೂ ದುಡ್ಡು ಉಳಿದಿದ್ದರೆ, ಮಳೆಗಾಲವೂ ಮುಗಿದಿದ್ದರೆ, ಆಗ ಸದ್ದಿನ ಬಗ್ಗೆ ಮಾತಾಡೋಣ.