ಪದ ಒಂದು, ಅರ್ಥ ಹಲವು: ಪಾಸ್ಚರ್

"ನಿಮ್ಮ ಮಗಳ ಪಾಸ್ಚರ್ ಸರಿಯಿಲ್ಲ, ಸ್ವಲ್ಪ ಗಮನಿಸಿ" ಅಂತ ಸ್ಕೂಲಿನ ಡ್ರಿಲ್ ಟೀಚರ್ ಹೇಳಿಕಳಿಸಿದರೆ ಗಾಬರಿಯಾಗಬೇಡಿ. ಅದು ಕಾಯಿಲೆಯ ಹೆಸರಲ್ಲ. ಕೂರುವಾಗ, ನಿಲ್ಲುವಾಗ, ನಡೆಯುವಾಗ ದೇಹವನ್ನು ನಾವು ರೂಢಿಯಲ್ಲಿ ಹೇಗೆ ಇಟ್ಟುಕೊಳ್ಳುತ್ತೇವೋ ಅದೇ ಪಾಸ್ಚರ್. ಕನ್ನಡದಲ್ಲಿ ಭಂಗಿ, ನಿಲುವು ಅನ್ನಬಹುದು.

ಬರೆಯುವಾಗ ಮಾತ್ರ ಎಚ್ಚರ! ಇಂಗ್ಲಿಷಿನಲ್ಲಿ 'ಪಿ' ಆದ ಮೇಲೆ 'ಓ' ಬರಬೇಕು. ಅಲ್ಲಿ 'ಎ' ಹಾಕಿದಿರೋ, ಅರ್ಥ ಹುಲ್ಲುಗಾವಲು ಆಗಿಬಿಡುತ್ತೆ. ಇನ್ನೊಂದು ವಿಷಯ. 'ಶೀ ಹ್ಯಾಸ್ ಗುಡ್ ಪಾಸ್ಚರ್' ಅನ್ನುವಾಗ 'ಗುಡ್' ಹಿಂದೆ ಸಾಮಾನ್ಯವಾಗಿ 'ಎ' ಸೇರಿಸುವುದಿಲ್ಲ.

ಇದನ್ನು ಹೋಲುವ ಪದಗಳೂ ಇವೆ. ಫೋಟೋಗೆಂದು ಸೆರಗು ಸರಿಮಾಡಿಕೊಂಡು ಒಂದು ಗಳಿಗೆ ನಿಲ್ಲುತ್ತೀರಲ್ಲ, ಅದು ಪೋಸ್. ಕೈಬೀಸಿ ಕರೆಯುವುದು ಜೆಸ್ಚರ್. ಯಾರೂ ನೋಡದಾಗ, ಬೇಳೆ ಆರಿಸುತ್ತಾ ಕೂತ ನಿಮ್ಮ ಬೆನ್ನು ಹೇಗಿರುತ್ತದೋ ಅದು ಪಾಸ್ಚರ್. ಇದಕ್ಕೇ 'ಇಂಗ್' ಸೇರಿಸಿ ಪಾಸ್ಚರಿಂಗ್ ಅಂದರೆ ಬರೀ ಸೋಗು, ತೋರಿಕೆಯ ಠೀವಿ. ಪತ್ರಿಕೆಯಲ್ಲಿ ಒಂದು ದೇಶದ 'ಡಿಫೆನ್ಸ್ ಪಾಸ್ಚರ್' ಅಂತ ಓದಿದರೆ ಅಲ್ಲಿ ಬೆನ್ನೂ ಇಲ್ಲ, ಸೊಂಟವೂ ಇಲ್ಲ. ರಕ್ಷಣೆಯ ಸಿದ್ಧತೆ, ಧೋರಣೆ ಎಂದರ್ಥ.

ಪದದ ಮೂಲ 'ಇಡು' ಎಂಬರ್ಥದ ಲ್ಯಾಟಿನ್ ಧಾತು. ನಮ್ಮ ನಿಲುವು ಬಂದದ್ದು 'ನಿಲ್ಲು' ಎಂಬುದರಿಂದ. ಅದಕ್ಕೂ ಎರಡರ್ಥ ಉಂಟು: ಮೈಯ ನಿಲುವೂ ಹೌದು, ಮನಸ್ಸಿನ ಅಭಿಪ್ರಾಯವೂ ಹೌದು. ಅಡಿಯಿಂದ ಮುಡಿವರೆಗೆ ತೋರಿಸುವ ಕನ್ನಡಿಯನ್ನು ನಿಲುವುಗನ್ನಡಿ ಅಂತಲೇ ಕರೆಯುತ್ತೇವೆ.

ಈಗ ಮಗಳ ವಿಷಯಕ್ಕೆ ಬನ್ನಿ. ಹನ್ನೆರಡು ಹದಿಮೂರರ ಹುಡುಗಿ ಇದ್ದಕ್ಕಿದ್ದಂತೆ ಭುಜ ಕುಗ್ಗಿಸಿ, ಪುಸ್ತಕ ಎದೆಗವಚಿಕೊಂಡು ನಡೆಯತೊಡಗುತ್ತಾಳೆ. ಬೆಳೆಯುವ ಮೈ ಬಗ್ಗೆ ನಾಚಿಕೆಯೋ, ತರಗತಿಯಲ್ಲಿ ತಾನೇ ಎತ್ತರ ಅನ್ನುವ ಸಂಕೋಚವೋ, ಚೀಲದ ಭಾರವೋ. "ತಲೆ ತಗ್ಗಿಸಿ ನಡಿ" ಅಂತ ಹೇಳಿಕೊಟ್ಟವರೂ ನಾವೇ, "ಗೂನು ಬೆನ್ನು ಮಾಡ್ಕೋಬೇಡ" ಅಂತ ಬೈಯುವವರೂ ನಾವೇ! ಪಾಪ, ಆ ಮಗು ಯಾವುದನ್ನು ಕೇಳಬೇಕು ಹೇಳಿ? ಬೈಯುವ ಮೊದಲು ಕಾರಣ ಕೇಳಿ. ಅಳತೆಗೆ ಸರಿಯಾದ ಒಳಉಡುಪು, ಎರಡೂ ಭುಜಕ್ಕೆ ಹಾಕುವ ಚೀಲ, "ನಿನ್ನ ಎತ್ತರ ಚೆಂದ ಕಣೇ" ಅನ್ನುವ ಒಂದು ಮಾತು. ಇಷ್ಟರಲ್ಲೇ ಎಷ್ಟೋ ಸರಿಹೋದೀತು. ಒಂದು ಭುಜ ಮೇಲೆ, ಒಂದು ಕೆಳಗೆ ಕಂಡರೆ, ಇಲ್ಲವೇ ಬಗ್ಗಿದಾಗ ಬೆನ್ನಿನ ಒಂದು ಪಕ್ಕ ಉಬ್ಬಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ನಿಮ್ಮ ಬೆನ್ನನ್ನೂ ಮರೆಯಬೇಡಿ. ತಲೆಯ ತೂಕವೇ ಸುಮಾರು 5 ಕಿಲೋ. ಮೊಬೈಲ್ ನೋಡುತ್ತಾ ಬಗ್ಗಿದಷ್ಟೂ ಆ ಭಾರ ಕತ್ತಿನ ಸ್ನಾಯುಗಳ ಮೇಲೆ. ತರಕಾರಿ ಹೆಚ್ಚುವ ಕಟ್ಟೆ ಮೊಣಕೈಗಿಂತ 10-15 ಸೆಂಟಿಮೀಟರ್ ಕೆಳಗಿದ್ದರೆ ಬಗ್ಗುವ ಕಷ್ಟ ಕಡಿಮೆ. ಕಟ್ಟೆ ತಗ್ಗಾಗಿದ್ದರೆ ಮಣೆಯ ಕೆಳಗೆ ದಪ್ಪ ಹಲಗೆ ಇಡಿ. ಉದ್ದ ಹಿಡಿಯ ಪೊರಕೆ ತನ್ನಿ. ಮಗುವನ್ನು ಸದಾ ಒಂದೇ ಸೊಂಟದ ಮೇಲೆ ಎತ್ತಿಕೊಳ್ಳದೆ ಆಗಾಗ ಪಕ್ಕ ಬದಲಿಸಿ. ಎಷ್ಟೇ ಒಳ್ಳೆಯ ಭಂಗಿಯಾದರೂ ಗಂಟೆಗಟ್ಟಲೆ ಹಾಗೇ ಇರುವುದು ಬೇಡ. ನಡುನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಇವತ್ತು ಸಂಜೆ ಮಗಳನ್ನು ಕರೆದು ನಿಲುವುಗನ್ನಡಿಯ ಮುಂದೆ ಇಬ್ಬರೂ ನಿಂತು ನೋಡಿ. ಯಾರು ಹೆಚ್ಚು ಬಗ್ಗಿದ್ದೀರಿ ಅಂತ ಅವಳೇ ಹೇಳಲಿ!