ಊರ ಕೆರೆಯನ್ನು ಬಿಟ್ಟವರ ವಿಹಾರ

ಮೈಸೂರು ನಗರದ ವಿದ್ಯಾವಂತ ಗೃಹಸ್ಥರಲ್ಲಿ ಈಚೆಗೆ ಒಂದು ವಿಚಿತ್ರವಾದ ಪದ್ಧತಿ ಬೇರೂರಿದೆ. ವರ್ಷಕ್ಕೆ ಒಂದು ಸಲವೋ ಎರಡು ಸಲವೋ ರಜೆಯ ದಿನಗಳನ್ನು ನೋಡಿಕೊಂಡು, ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು, ಬಂಡೀಪುರಕ್ಕೋ ನಾಗರಹೊಳೆಗೋ ಕಬಿನಿಯ ಹಿನ್ನೀರಿಗೋ ಹೊರಡುವುದು. ಅಲ್ಲಿ ಸಾವಿರಗಟ್ಟಲೆ ರೂಪಾಯಿಗಳನ್ನು ತೆತ್ತು ರೆಸಾರ್ಟಿನಲ್ಲಿ ಇಳಿದುಕೊಳ್ಳುವುದು. ಜೀಪಿನಲ್ಲಿ ಕುಳಿತು ಒಂದೆರಡು ಗಂಟೆ ಕಾಡಿನ ದಾರಿಯಲ್ಲಿ ಸುತ್ತುವುದು. ಹುಲಿ ಕಂಡರೆ ಕೃತಾರ್ಥರಾಗುವುದು, ಕಾಣದಿದ್ದರೆ ಹಣ ದಂಡವಾಯಿತೆಂದು ಗೊಣಗುತ್ತ ಹಿಂತಿರುಗುವುದು. ಇದಕ್ಕೆ ಪ್ರಕೃತಿವೀಕ್ಷಣೆಯೆಂದು ಹೆಸರು. ಇದೇ ಗೃಹಸ್ಥರನ್ನು, ಮನೆಯಿಂದ ಒಂದು ಮೈಲಿ ದೂರದ ಕೆರೆಯ ಏರಿಗೆ ಮಕ್ಕಳೊಡನೆ ಕಡೆಯ ಸಲ ಹೋದುದು ಯಾವಾಗ ಎಂದು ಕೇಳಿದರೆ, ಅವರು ತುಸು ಹೊತ್ತು ಯೋಚಿಸಬೇಕಾಗುತ್ತದೆ. “ಅಲ್ಲಿ ನೋಡುವುದಕ್ಕೆ ಏನಿದೆ?” ಎಂಬುದೇ ಬಹುಮಂದಿಯ ಉತ್ತರ.

ಈ ಉತ್ತರವನ್ನು ಸುಮ್ಮನೆ ಬಿಡತಕ್ಕದ್ದಲ್ಲ. ಊರಿನ ಕೆರೆಗಳಿಗೆ ಬಂದ ದುರ್ಗತಿಯ ಮೊದಲನೆಯ ಹೆಜ್ಜೆ ಇಲ್ಲಿಯೇ ಇದೆ. ಮೈಸೂರಿನ ದೊಡ್ಡಕೆರೆ ಇಂದು ವಸ್ತುಪ್ರದರ್ಶನದ ಮೈದಾನ. ಸುಬ್ಬರಾಯನಕೆರೆಯಲ್ಲಿ ಕೆರೆಯೆಂಬ ಶಬ್ದವೊಂದೇ ಉಳಿದಿದೆ, ನೀರಿಲ್ಲ. ಜೀವರಾಯನ ಕಟ್ಟೆಯ ಪಾಡಂತೂ ಇನ್ನೂ ವಿಚಿತ್ರ. ಕಟ್ಟೆ ಹೋಗಿ ಮೈದಾನವಾಯಿತು. ಆ ಮೇಲೆ ಹೆಸರೂ ಸವೆದು ‘ಜೆ.ಕೆ. ಗ್ರೌಂಡ್ಸ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳಾಗಿ ನಿಂತಿತು. ಅಲ್ಲಿ ಚೆಂಡಾಡುವ ಹುಡುಗರಲ್ಲಿ ಆ ಅಕ್ಷರಗಳ ಹಿಂದೆ ಒಂದು ಕಟ್ಟೆಯಿತ್ತೆಂದು ಬಲ್ಲವರು ಎಷ್ಟು ಮಂದಿ? ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ಸುಗಳ ನಿಲ್ದಾಣವಾದುದನ್ನೂ, ಸಂಪಂಗಿ ಕೆರೆಯ ಸ್ಥಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದುದನ್ನೂ ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಕೆರೆಯನ್ನು ಮುಚ್ಚುವವರಿಗೆ ಕಾರಣಗಳ ಕೊರತೆ ಎಂದೂ ಇಲ್ಲ. ಸೊಳ್ಳೆಯೆನ್ನಬಹುದು, ದುರ್ಗಂಧವೆನ್ನಬಹುದು, ಆಟಕ್ಕೆ ಬಯಲು ಬೇಕೆನ್ನಬಹುದು. ಆ ಕಾರಣಗಳಿಗೆ ಎದುರು ನಿಂತು, ಈ ನೀರು ತಮಗೆ ಬೇಕೆಂದು ಹೇಳತಕ್ಕ ಮನೆಗಳು ಊರಿನಲ್ಲಿ ಉಂಟೋ ಇಲ್ಲವೋ ಎಂಬುದೇ ಪ್ರಶ್ನೆ. ನೋಡುವುದಕ್ಕೆ ಏನೂ ಇಲ್ಲವೆಂದು ಒಮ್ಮೆ ನಿಶ್ಚಯಿಸಿದವರು ಹಾಗೆ ಎದುರು ನಿಲ್ಲಲಾರರು.

ಉಳಿದುಕೊಂಡಿರುವ ಕೆರೆಗಳಲ್ಲಿ ಕುಕ್ಕರಹಳ್ಳಿಯದನ್ನು ತೆಗೆದುಕೊಳ್ಳಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೬೪ರಲ್ಲಿ, ಬೇಸಾಯದ ನೀರಿಗೆಂದು ನಿರ್ಮಾಣವಾದ ಕೆರೆ ಅದು. ವಿಸ್ತೀರ್ಣ ಸುಮಾರು ೬೨ ಹೆಕ್ಟೇರು. ದಂಡೆಯ ಸುತ್ತಳತೆ ೫ ಕಿಲೋಮೀಟರಿನ ಆಸುಪಾಸು. ಅದರ ಮಗ್ಗುಲಲ್ಲಿ ೧೯೬೦ರಲ್ಲಿ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಸ್ಥಾಪಿತವಾಯಿತು. ಆ ಹೆಸರನ್ನಿತ್ತ ಕುವೆಂಪು ಅವರು ಈ ಕೆರೆಯ ಏರಿಯ ಮೇಲೆ ಸಂಚರಿಸುತ್ತಿದ್ದುದೂ, ಇಲ್ಲಿಯ ಸಂಜೆ ಮುಂಜಾನೆಗಳು ಅವರ ಕವಿತೆಯನ್ನು ಹೊಕ್ಕುದೂ ಸರ್ವವಿದಿತ. ಅವರಿಗೆ ಅಲ್ಲಿ ಹುಲಿ ಕಂಡಿರಲಿಲ್ಲ.

ಏನು ಕಾಣುತ್ತದೆಂದು ಕೇಳುವವರಿಗೆ ಉತ್ತರ ಹೇಳುವುದು ಕಷ್ಟವಲ್ಲ. ಕೊರಳನ್ನು ಮಾತ್ರ ನೀರಿನಿಂದ ಮೇಲೆ ಚಾಚಿ, ನೋಡಿದವರಿಗೆ ಹಾವೆಂಬ ಭ್ರಾಂತಿ ಹುಟ್ಟಿಸುತ್ತ ಈಜುವ ಹಾವಕ್ಕಿಯಿದೆ. ಅದು ನೆನೆದ ರೆಕ್ಕೆಗಳನ್ನು ಒಣಕೊಂಬೆಯ ಮೇಲೆ ಹರಡಿಕೊಂಡು ಬಿಸಿಲಿಗೆ ಕೂರುತ್ತದೆ. ಹಣೆಯ ಮೇಲೆ ಬಿಳಿಯ ನಾಮವಿಟ್ಟುಕೊಂಡ ನಾಮದಕೋಳಿಯಿದೆ. ಕಂಡೊಡನೆಯೇ ಮುಳುಗಿ, ಎಲ್ಲಿ ಏಳುವುದೋ ಎಂದು ಮಕ್ಕಳು ಪಂದ್ಯ ಕಟ್ಟುವಂತೆ ಮಾಡುವ ಗುಳುಮುಳುಕವಿದೆ. ಗಂಟಲ ಚೀಲವನ್ನು ತೂಗಾಡಿಸುತ್ತ ಹೆಜ್ಜಾರ್ಲೆ ಇಳಿಯುವುದನ್ನು ಐದು ವರ್ಷದ ಮಗು ಒಮ್ಮೆ ನೋಡಿದರೆ ಸಾಕು, ಮನೆಗೆ ಬಂದು ವಾರವಿಡೀ ಅದನ್ನೇ ಅಭಿನಯಿಸುತ್ತದೆ. ಆದರೆ ಇವೆಲ್ಲವೂ ಒಂದೇ ದಿನದಲ್ಲಿ ಸಾಲಾಗಿ ನಿಂತು ದರ್ಶನ ಕೊಡುವುದಿಲ್ಲ. ಚಳಿಗಾಲದ ವಲಸೆಯ ಹಕ್ಕಿಗಳು ಬೇಸಗೆಯಲ್ಲಿಲ್ಲ. ಹೊಂಗೆಯ ಹೂವು ನೆಲಕ್ಕೆ ಹಾಸುವುದು ಕೆಲವೇ ದಿನ. ಮಳೆಗಾಲದಲ್ಲಿ ಕೋಡಿಯ ಕಡೆಗೆ ಏರುವ ನೀರು ಮಾಘಮಾಸದಲ್ಲಿ ಎಲ್ಲಿಗೆ ಇಳಿದಿರುವುದೆಂದು ಎರಡು ಋತುಗಳನ್ನು ನೋಡಿದವರೇ ಹೇಳಬೇಕು. ಪರಿಚಯವೆಂಬುದು ಮರಳಿ ಮರಳಿ ಹೋಗುವುದರಿಂದ ಬರತಕ್ಕದ್ದು. ಜೀಪಿನ ವಿಹಾರದಲ್ಲಿ ಅತ್ಯಂತ ದೊಡ್ಡ ಕೊರತೆ ಇದೇ: ಹಣವಿದ್ದವನು ಕೂಡ ತಿಂಗಳಿಗೆ ನಾಲ್ಕು ಸಲ ಅಲ್ಲಿಗೆ ಹೋಗಲಾರ. ಇಳಿದು ನಿಲ್ಲುವಂತಿಲ್ಲ, ಮುಟ್ಟುವಂತಿಲ್ಲ, ಮಾತಾಡುವಂತಿಲ್ಲ. ಕಾಡಿನ ಹಿತಕ್ಕೆ ಆ ನಿರ್ಬಂಧಗಳೆಲ್ಲ ನ್ಯಾಯವಾದವೇ. ಅಂಥ ಸ್ಥಳ ಮಗುವಿನ ಮೊದಲನೆಯ ಪಾಠಶಾಲೆಯಾಗಲಾರದು ಎಂಬುದಷ್ಟೇ ಇಲ್ಲಿಯ ಮಾತು. ಹುಲಿಯ ಚಿತ್ರವನ್ನು ತೋರಿಸಿದರೆ ಅದರ ಇಂಗ್ಲಿಷ್ ಹೆಸರನ್ನೂ ಲ್ಯಾಟಿನ್ ಹೆಸರನ್ನೂ ಹೇಳುವ ಬಾಲಕನು ತನ್ನ ಬೀದಿಯ ಹೊಂಗೆಯನ್ನು ಬೇವೆಂದು ಕರೆದರೆ ಅದು ವಿದ್ಯೆಯೆನಿಸೀತೆ?

ಹಾಗಾದರೆ ಕೆರೆಗೆ ಬರುವವರೇ ಇಲ್ಲವೆ? ಉಂಟು, ಬೇಕಾದಷ್ಟು ಮಂದಿ ಉಂಟು. ಬೆಳಗಿನ ಆರು ಗಂಟೆಗೆ ಏರಿಯ ಮೇಲೆ ಹೋಗಿ ನಿಂತರೆ ಮಹಾಶಯರ ಮೆರವಣಿಗೆಯೇ ಕಾಣುತ್ತದೆ. ಕಾಲಿಗೆ ಬಿಳಿಯ ಬೂಟು, ಕಿವಿಗೆ ತಂತಿಯೋ ಗುಂಡಿಯೋ, ಮಣಿಕಟ್ಟಿನಲ್ಲಿ ಹೆಜ್ಜೆಯೆಣಿಸುವ ಗಡಿಯಾರ. ವೈದ್ಯರು ಹೇಳಿದ್ದಾರೆ, ಸಕ್ಕರೆ ಇಳಿಯಬೇಕು; ಆದುದರಿಂದ ಗಾಣದ ಎತ್ತಿನಂತೆ ಸುತ್ತು. ಎಡಗಡೆ ನೀರೋ ಗೋಡೆಯೋ, ಅವರಿಗೆ ಎರಡೂ ಒಂದೇ. ದೇಹಾರೋಗ್ಯವನ್ನು ಹಳಿಯುವ ಉದ್ದೇಶ ಯಾರಿಗೂ ಇರಲಾರದು. ಆದರೆ ಇದನ್ನೇ ವಿಹಾರವೆಂದು ಕರೆದು ಮನೆಯವರ ಪಾಲನ್ನೂ ತೀರಿಸಿದೆನೆಂದು ಯಜಮಾನನು ಭಾವಿಸುವುದು ಅನ್ಯಾಯ. ಆ ಹೊತ್ತಿನಲ್ಲಿ ಮನೆಯಾಕೆ ಒಲೆಯ ಮುಂದೆ ಇರುತ್ತಾಳೆ. ಮಕ್ಕಳು ಶಾಲೆಯ ವ್ಯಾನಿಗೆ ಸಿದ್ಧರಾಗುತ್ತಿರುತ್ತಾರೆ. ಮುದುಕರು ಜಗಲಿಯಲ್ಲಿ ಪತ್ರಿಕೆಗಾಗಿ ಕಾಯುತ್ತಿರುತ್ತಾರೆ. ಕುಟುಂಬದ ಅತಿ ಸಮೀಪದ ಸಂಪತ್ತು ಒಬ್ಬನ ಔಷಧವಾಗಿ ಮುಗಿದುಹೋಗುತ್ತದೆ.

ಕುಟುಂಬಸಮೇತವಾದ ವಿಹಾರ ಈ ನಾಡಿಗೆ ಹೊರಗಿನಿಂದ ಬಂದ ಬಳಕೆಯಲ್ಲ. ಕಾರ್ತಿಕಮಾಸದ ವನಭೋಜನ, ನೆಲ್ಲಿಯ ಮರದ ನೆರಳಿನಲ್ಲಿ ಪಂಕ್ತಿ. ಹುಣ್ಣಿಮೆಯ ರಾತ್ರಿ ಹೊಳೆಯ ಮರಳಿನಲ್ಲೋ ಕೆರೆಯ ದಡದಲ್ಲೋ ಬೆಳುದಿಂಗಳೂಟ. ಬುತ್ತಿಯ ಹುಳಿಯನ್ನ, ಮೊಸರನ್ನ, ಮುತ್ತುಗದ ಎಲೆ. ಎಲೆಯನ್ನು ಅಲ್ಲಿಯೇ ಬಿಟ್ಟುಬಂದರೂ ನಾಲ್ಕು ದಿನಕ್ಕೆ ಮಣ್ಣಾಗುತ್ತಿತ್ತು, ಅಥವಾ ಹಸುವಿನ ಹೊಟ್ಟೆ ಸೇರುತ್ತಿತ್ತು. ಈಗ ಅನೇಕ ಮನೆಗಳಲ್ಲಿ ಮಾರುಕಟ್ಟೆಯಿಂದ ನೆಲ್ಲಿಯ ಕೊಂಬೆಯನ್ನು ಕೊಂಡುತಂದು ತುಳಸಿಯ ಕಟ್ಟೆಗೆ ಸಿಕ್ಕಿಸಿದರೆ ಕಾರ್ತಿಕ ಮುಗಿಯಿತು. ವನಭೋಜನವೆಂಬುದು ಕಲ್ಯಾಣಮಂಟಪದ ಫ್ಯಾನಿನ ಕೆಳಗೆ ನಡೆಯುವುದೂ ಉಂಟು. ಶಾಸ್ತ್ರ ಉಳಿಯಿತು, ವನ ಹೋಯಿತು!

ಕೆರೆಯನ್ನು ಪ್ರೀತಿಸುತ್ತೇವೆಂದು ಹೇಳಿಕೊಳ್ಳುವ ಇನ್ನೊಂದು ವರ್ಗವಿದೆ. ಅವರಿಂದ ಬರುವ ಅಪಾಯ ಉದಾಸೀನರಿಂದ ಬರುವುದಕ್ಕಿಂತ ಹೆಚ್ಚು. ಇವರು ಸೌಂದರ್ಯೀಕರಣವಾದಿಗಳು. ದಂಡೆಗೆ ಕಾಂಕ್ರೀಟು, ಹಾದಿಗೆ ಹೆಂಚು, ಮರಗಳಿಗೆ ಬಣ್ಣದ ದೀಪ, ನೀರಿನ ನಡುವೆ ಕಾರಂಜಿ, ಧ್ವನಿವರ್ಧಕದಲ್ಲಿ ಸಂಗೀತ: ಇಷ್ಟು ಆದರೆ ‘ಜನ ಬರುತ್ತಾರೆ’ ಎಂಬುದು ಅವರ ವಾದ. ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ ಕೃಷ್ಣರಾಜಸಾಗರದ ಬುಡದಲ್ಲಿ ಬೃಂದಾವನವನ್ನು ರಚಿಸಿದರು. ಅದು ಮನುಷ್ಯನು ನೀರನ್ನೂ ಬೆಳಕನ್ನೂ ಕುಣಿಸುವ ಜಾಗ, ಅದರ ಬೆಡಗು ಅದಕ್ಕೆ ಒಪ್ಪುತ್ತದೆ. ಜಿಲ್ಲೆಯ ಒಂದೊಂದು ಕೆರೆಯೂ ಬೃಂದಾವನದ ಬಡ ನಕಲಾಗಬೇಕೆಂಬುದು ಯಾವ ನ್ಯಾಯ? ಕೆರೆಯ ಜೀವ ಇರುವುದು ಅದರ ಅಂಚಿನಲ್ಲಿ. ಮೊಣಕಾಲುದ್ದದ ನೀರು, ಕೆಸರು, ಜೊಂಡು: ಕೊಕ್ಕರೆ ಬೆಳ್ಳಕ್ಕಿಗಳು ಮೇಯುವುದು ಅಲ್ಲಿ, ಮೀನಿನ ಮರಿ ಅಡಗುವುದು ಅಲ್ಲಿ, ಕಪ್ಪೆ ಮೊಟ್ಟೆಯಿಡುವುದು ಅಲ್ಲಿ. ಆ ಅಂಚನ್ನು ಕಡಿದಾದ ಕಲ್ಲುಗೋಡೆಯಾಗಿ ಕಟ್ಟಿದ ದಿನ ಕೆರೆ ಬರಿಯ ತೊಟ್ಟಿಯಾಗುತ್ತದೆ. ರಾತ್ರಿಯ ದೀಪಗಳಂತೂ ಮರದಲ್ಲಿ ತಂಗುವ ಹಕ್ಕಿಗಳಿಗೆ ನಿದ್ರೆ ಕೊಡುವುದಿಲ್ಲ. ಜನರನ್ನು ಕರೆಯುವುದಕ್ಕಾಗಿ, ಅವರು ಯಾವುದನ್ನು ನೋಡಬೇಕಾಗಿತ್ತೋ ಅದನ್ನೇ ಓಡಿಸುವ ಉಪಾಯವಿದು.

ಈ ಸಂದರ್ಭದಲ್ಲಿ ಒಂದು ಕಹಿಯಾದ ಮಾತನ್ನೂ ಹೇಳದೆ ಗತ್ಯಂತರವಿಲ್ಲ. ಅಂದಗೊಳಿಸಿದ ಕೆರೆಗೆ ಬೇಲಿ ಬಂದೊಡನೆ ಮೊದಲು ಹೊರಗುಳಿಯುವವರು ಎಮ್ಮೆ ಮೇಯಿಸುವವರು, ಬಟ್ಟೆ ಒಗೆಯುವವರು, ಗಾಳ ಹಾಕುವವರು. ಅವರಿಂದ ಕೆರೆ ಮಲಿನವಾಗುತ್ತದೆಂದು ದೂರು ಕೊಡತಕ್ಕವರು ಹೊಸ ಬಡಾವಣೆಯ ವಿದ್ಯಾವಂತರು. ಅವರ ಮನೆಗಳ ಕೊಳಚೆ ಯಾವ ಮೋರಿಯಲ್ಲಿ ಹರಿದು ಎಲ್ಲಿಗೆ ಬೀಳುತ್ತದೆಂಬುದನ್ನು ಮಾತ್ರ ಅವರಲ್ಲಿ ಯಾರೂ ಹೋಗಿ ನೋಡಿರುವುದಿಲ್ಲ. ಎಮ್ಮೆಯ ಸಗಣಿಗಿಂತ ಒಂದು ಬಡಾವಣೆಯ ಒಳಚರಂಡಿ ನೂರುಪಾಲು ಘೋರವೆಂದು ತಿಳಿಯಲು ರಸಾಯನಶಾಸ್ತ್ರ ಓದಬೇಕಾಗಿಲ್ಲ, ಕೆರೆಯ ಹಿಂಭಾಗಕ್ಕೆ ಒಂದು ಸಲ ನಡೆದುಹೋದರೆ ಸಾಕು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ರೈತರು ತಮ್ಮ ಹಿತ್ತಿಲ ಹುಣಿಸೆಯ ಮರಗಳಲ್ಲಿ ಹೆಜ್ಜಾರ್ಲೆಗಳಿಗೂ ಬಣ್ಣದ ಕೊಕ್ಕರೆಗಳಿಗೂ ತಲೆಮಾರುಗಳಿಂದ ಜಾಗ ಕೊಟ್ಟಿದ್ದಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಆ ಹಕ್ಕಿಗಳನ್ನು ಕಾಣುತ್ತಾರೆ. ಹಕ್ಕಿಯ ಹಿಕ್ಕೆಯ ನಾತವನ್ನು ಸಹಿಸಿ ಬದುಕಿದ ಆ ಮನೆಗಳ ಮುಂದೆ, ದುರ್ಬೀನು ಹಿಡಿದು ಹೋಗುವ ಪಟ್ಟಣಿಗನು ತನ್ನನ್ನು ಪ್ರಕೃತಿಪ್ರಿಯನೆಂದು ಕರೆದುಕೊಳ್ಳುವುದಕ್ಕೆ ಸ್ವಲ್ಪ ಸಂಕೋಚಪಡಬೇಕು.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಒಂದು ತೂಕವುಳ್ಳದ್ದು. ಎಲ್ಲ ಮನೆಯವರೂ ಬುತ್ತಿ ಕಟ್ಟಿಕೊಂಡು ಹೊರಟರೆ ಇರುವ ಹಸಿರೂ ತುಳಿದು ಹಾಳಾಗದೆ? ರಂಗನತಿಟ್ಟನ್ನು ನೋಡಿದವರು ಈ ಭಯವನ್ನು ಸುಳ್ಳೆನ್ನಲಾರರು. ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರ ಸಲಹೆಯ ಮೇರೆಗೆ ೧೯೪೦ರಲ್ಲಿ ಮೈಸೂರು ಸರ್ಕಾರ ಪಕ್ಷಿಧಾಮವಾಗಿ ಘೋಷಿಸಿದ ಆ ನಡುಗಡ್ಡೆಗಳ ಒಟ್ಟು ಪ್ರದೇಶ ಒಂದು ಚದರ ಕಿಲೋಮೀಟರಿಗಿಂತಲೂ ಕಡಿಮೆ. ೨೦೨೨ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ಅಷ್ಟು ಚಿಕ್ಕ ಜಾಗಕ್ಕೆ ರಜೆಯ ದಿನ ನೆರೆಯುವ ಜನಸ್ತೋಮವೂ, ದೋಣಿಯಲ್ಲಿ ಕುಳಿತು ಕೂಗಾಡುವ ಯುವಕರೂ, ಮರಿ ಮಾಡುವ ಹಕ್ಕಿಗಳಿಗೆ ಹಿಂಸೆಯೇ ಸರಿ. ಆದರೆ ಈ ನೂಕುನುಗ್ಗಲಿಗೆ ಕಾರಣವೇನು? ಇಡೀ ಪ್ರಾಂತದ ವಿಹಾರ ನಾಲ್ಕು ಪ್ರಸಿದ್ಧ ಸ್ಥಳಗಳಲ್ಲಿ, ನಾಲ್ಕು ರಜೆಗಳಲ್ಲಿ ಇಡಿಕಿರಿದುದೇ ಅಲ್ಲವೆ? ಅದೇ ಜನ ತಮ್ಮ ತಮ್ಮ ಕೇರಿಗೆ ಸಮೀಪದ ಕುಕ್ಕರಹಳ್ಳಿಗೆ, ಲಿಂಗಾಂಬುಧಿಗೆ, ಚಾಮುಂಡಿಯ ತಪ್ಪಲಿಗೆ ವರ್ಷವಿಡೀ ಹಂಚಿಹೋದರೆ ರಂಗನತಿಟ್ಟಿನ ಹಕ್ಕಿಗೂ ಉಸಿರಾಡಲು ಬಿಡುವು ಸಿಕ್ಕೀತು. ಇನ್ನು ಕೂಗಾಟದ ಮಾತು: ಮೌನವಾಗಿ ಕುಳಿತು ನೋಡುವುದನ್ನು ಊರ ಕೆರೆಯಲ್ಲಿ ಚಿಕ್ಕಂದಿನಲ್ಲಿ ಕಲಿಯದವನಿಗೆ ಪಕ್ಷಿಧಾಮದ ಬಾಗಿಲಿನಲ್ಲಿ ಫಲಕ ಹಾಕಿ ಕಲಿಸಲಾಗದು.

ಹೆಂಗಸರಿಗೂ ವೃದ್ಧರಿಗೂ ಅಲ್ಲಿ ಅನುಕೂಲವಿಲ್ಲವೆಂಬ ಆಕ್ಷೇಪ ನಿಜವಾದುದು. ಕೂರಲು ಕಲ್ಲುಬೆಂಚು, ಶುಚಿಯಾದ ಶೌಚಾಲಯ, ಒಬ್ಬ ಕಾವಲುಗಾರ, ಇಷ್ಟನ್ನು ನಗರಪಾಲಿಕೆಯಿಂದಲೂ ವಿಶ್ವವಿದ್ಯಾನಿಲಯದಿಂದಲೂ ಕೇಳಿ ಪಡೆಯತಕ್ಕದ್ದು. ಕಾರಂಜಿಯ ಖರ್ಚಿನ ಒಂದಂಶದಲ್ಲಿ ಇದು ಆಗುತ್ತದೆ. ಹೊತ್ತಿಲ್ಲವೆಂಬ ಆಕ್ಷೇಪಕ್ಕೆ ಉತ್ತರವೇ ಬೇಕಾಗಿಲ್ಲ. ಭಾನುವಾರದ ಸಂಜೆಗಳನ್ನು ಮಾಲುಗಳಲ್ಲಿ ಕಳೆಯುವವರು ಅದನ್ನು ಹೇಳಬಾರದು.

೧೯೯೮ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಸುಮಾರು ೩೨ ಎಕರೆಗಳನ್ನು ಸಂರಕ್ಷಿತ ಎಲ್ಲೆಯಿಂದ ಹೊರಗಿಡಲು ಸರ್ಕಾರ ಹೊರಟಿತು. ೧೯೭೫ರ ಉದ್ಯಾನ ಸಂರಕ್ಷಣೆಯ ಕಾನೂನು ಆಗಲೂ ಇತ್ತು. ಆದರೆ ಕಾನೂನು ತಾನಾಗಿ ಎದ್ದು ಬಂದು ಯಾರ ಕೈಯನ್ನೂ ಹಿಡಿಯಲಿಲ್ಲ. ನಾಗರಿಕರು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ಆ ಮರಗಳ ಕೆಳಗೆ ಆಡಿ ಬೆಳೆದವರಿಗೆ ಮೂವತ್ತೆರಡು ಎಕರೆಯೆಂದರೆ ಎಲ್ಲಿಂದ ಎಲ್ಲಿಯವರೆಗೆಂದು ನಕ್ಷೆಯಿಲ್ಲದೆಯೇ ಗೊತ್ತಿತ್ತು. ಲಿಂಗಾಂಬುಧಿಯ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆಂದು ಮೈಸೂರಿನ ಎಷ್ಟು ಮನೆಗಳು ಹೇಳಬಲ್ಲವು?

ಕುಕ್ಕರಹಳ್ಳಿಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಇಂದು ಕಟ್ಟಡಗಳ ನಡುವೆ ತುಂಡುತುಂಡಾಗಿದೆ. ಕೆಲವೆಡೆ ಅದು ಹಳ್ಳ, ಕೆಲವೆಡೆ ಚರಂಡಿ, ಕೆಲವೆಡೆ ಯಾರದೋ ಕಾಂಪೌಂಡಿನ ಒಳಗು. ಕೆರೆಯ ಬಾಯಿಂದ ಹೊರಟು ಆ ನಾಲೆಯ ಗುರುತು ಹಿಡಿದು ಮೇಲಕ್ಕೆ ನಡೆಯುವುದು, ಹತ್ತು ಹನ್ನೆರಡು ವರ್ಷದ ಮಕ್ಕಳಿರುವ ಮನೆಯವರಿಗೆ ಒಂದು ಭಾನುವಾರದ ಬೆಳಗಿನ ಕೆಲಸ. ಕೈಯಲ್ಲಿ ಒಂದು ನೀರಿನ ಬಾಟಲಿ, ಒಂದು ಪೆನ್ಸಿಲು, ನಾಲ್ಕು ಹಾಳೆ ಇದ್ದರೆ ಸಾಕು; ನೀರು ಎಲ್ಲೆಲ್ಲಿ ನಿಂತಿದೆ, ಎಲ್ಲಿ ಮಣ್ಣು ತುಂಬಿದೆ, ಯಾವ ಮೋರಿ ಎಲ್ಲಿ ಬಂದು ಕೂಡುತ್ತದೆ ಎಂದು ಮಕ್ಕಳೇ ಗುರುತುಹಾಕಬಲ್ಲರು. ಆ ಹಾಳೆಗಳನ್ನು ಮಡಿಸಿ ಸೋಮವಾರ ನಗರಪಾಲಿಕೆಯ ಕಚೇರಿಗೆ ಒಯ್ಯುವ ಕೆಲಸ ಹಿರಿಯರದು.