ಹೃದಯದ ಆಪರೇಷನ್ನಿಗಷ್ಟೇ ಏಕೆ ಎಕೋ?

ಎಂಬತ್ತು ದಾಟಿದ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಆಪರೇಷನ್ ಆಗಲೇಬೇಕು ಎಂದಾಗ ಮೈಸೂರಿನ ಕುವೆಂಪುನಗರದ ಯಾವ ಮನೆಯಲ್ಲಾದರೂ ಮೊದಲು ಏಳುವ ಪ್ರಶ್ನೆ: 'ಹಾರ್ಟು ತಡೆಯುತ್ತಾ?' ಉತ್ತರಕ್ಕಾಗಿ ಹಿಂದಿನ ದಿನ ಇ.ಸಿ.ಜಿ., ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸುತ್ತಾರೆ. ಫಿಟ್ ಎಂದು ಬರೆದುಕೊಡುತ್ತಾರೆ. ಅದು ಹಿಂದಿನ ದಿನದ ಹೃದಯದ ಮಾತು. ಅರಿವಳಿಕೆ ಕೊಟ್ಟಮೇಲೆ, ರಕ್ತ ಹೋಗುತ್ತಿರುವಾಗ ಅದೇ ಹೃದಯ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಬೇರೆಯೇ ವಿಷಯ. ಅದನ್ನು ಆ ಕ್ಷಣದಲ್ಲೇ ಕಣ್ಣಾರೆ ನೋಡುವ ಸಾಧನವೂ ಎಕೋವೇ. ಅದನ್ನು ಹೃದಯದ ಆಪರೇಷನ್ನಿಗೆ ಮಾತ್ರ ಮೀಸಲಿಡುವುದು ಸರಿಯಲ್ಲ.

1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಎಡ್ಲರ್, ಭೌತವಿಜ್ಞಾನಿ ಹರ್ಟ್ಸ್ ಇಬ್ಬರೂ ಲೋಹದ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರವನ್ನು ಎದೆಗಿಟ್ಟು ಹೃದಯದ ಚಲನೆ ದಾಖಲಿಸಿದರು. 1976ರಲ್ಲಿ ಅಮೆರಿಕದ ಫ್ರೇಜಿನ್ ಮತ್ತು ಸಂಗಡಿಗರು ಎಕೋ ಸಾಧನವನ್ನು ಅನ್ನನಾಳದೊಳಕ್ಕೆ ಇಳಿಸಿದರು. ಅನ್ನನಾಳ ಇರುವುದು ಹೃದಯದ ಬೆನ್ನಿಗೇ. ಪಕ್ಕೆಲುಬು, ಶ್ವಾಸಕೋಶ ಯಾವುದೂ ಅಡ್ಡ ಬರುವುದಿಲ್ಲ. ಬೆರಳು ದಪ್ಪದ ಕೊಳವೆಗೆ ಜೆಲ್ ಸವರಿ, ಹಲ್ಲುಗಳ ನಡುವೆ ತಡೆ ಇಟ್ಟು ಬಾಯಿಂದ ಇಳಿಸುತ್ತಾರೆ. ಸರ್ಜನ್ನರ ಕೈಗೂ ಅಡ್ಡಿಯಿಲ್ಲ. ಕವಾಟ ರಿಪೇರಿಯಲ್ಲಿ ಇದರ ಬೆಲೆ ತಕರಾರಿಲ್ಲದ್ದು: ಎದೆ ಮುಚ್ಚುವ ಮೊದಲೇ ಸೋರಿಕೆ ಕಂಡರೆ ಅಲ್ಲೇ ಸರಿಪಡಿಸಬಹುದು. ಕುವೆಂಪುನಗರದ ಅಪೊಲೊ ಬಿಜಿಎಸ್, ಕೆ.ಆರ್.ಎಸ್. ರಸ್ತೆಯ ಜಯದೇವ ಹೀಗೆ ಹೃದ್ರೋಗ ಚಿಕಿತ್ಸೆಗೆ ಹೆಸರಾದ ಆಸ್ಪತ್ರೆಗಳಿರುವ ಮೈಸೂರಿಗೆ ಎಕೋ ಹೊಸದೇನಲ್ಲ.

ನನ್ನ ವಾದ ಇರುವುದು ಪಕ್ಕದ ಥಿಯೇಟರಿನ ಬಗ್ಗೆ. ಕರುಳಿನದೋ ಮೂಳೆಯದೋ ಆಪರೇಷನ್ ನಡೆದಿದೆ, ಬಿ.ಪಿ. ಇದ್ದಕ್ಕಿದ್ದಂತೆ ಎಪ್ಪತ್ತಕ್ಕೆ ಕುಸಿಯುತ್ತದೆ. ಮಾನಿಟರ್ ತೋರಿಸುವುದು ಒಂದು ಅಂಕಿ, ಕಾರಣಗಳೋ ಹಲವು. ರಕ್ತ ಸಾಲದೆ ಹೃದಯ ಬರಿದಾಗಿರಬಹುದು, ಸ್ನಾಯು ಸೋತಿರಬಹುದು, ಶ್ವಾಸಕೋಶದ ನಾಳಕ್ಕೆ ಹೆಪ್ಪು ಸಿಕ್ಕಿಕೊಂಡಿರಬಹುದು, ಹೃದಯದ ಸುತ್ತ ನೀರು ತುಂಬಿರಬಹುದು. ಬರಿದಾದ ಹೃದಯಕ್ಕೆ ಡ್ರಿಪ್ ಜೀವದಾನ; ಸೋತ ಹೃದಯಕ್ಕೆ ಅದೇ ಹೊರೆ. ಎಕೋದಲ್ಲಿ ಈ ವ್ಯತ್ಯಾಸ ನಿಮಿಷಗಳಲ್ಲಿ ಕಾಣುತ್ತದೆ. ಬರಿದಾದಾಗ ಎಡ ಹೃತ್ಕುಕ್ಷಿಯ ಗೋಡೆಗಳು ಪ್ರತಿ ಮಿಡಿತಕ್ಕೂ ಒಂದಕ್ಕೊಂದು ತಾಗುತ್ತವೆ. ಸೋತಾಗ ಅದು ಉಬ್ಬಿಕೊಂಡು, ಅರೆಮನಸ್ಸಿನಿಂದ ಅಲ್ಲಾಡುತ್ತದೆ. ಹೆಪ್ಪು ಸಿಕ್ಕಿದಾಗ ಬಲಭಾಗ ಹಿಗ್ಗುತ್ತದೆ. ಸ್ನಾಯುವಿಗೆ ರಕ್ತ ಕಡಿಮೆಯಾದರೆ ಇ.ಸಿ.ಜಿ. ಬದಲಾಗುವ ಮೊದಲೇ ಗೋಡೆಯ ಒಂದು ಭಾಗ ಮಂದವಾಗುವುದುಂಟು. ಇಷ್ಟು ನೋಡಬಹುದಾಗಿರುವಾಗ ಊಹಿಸಿ ಮದ್ದು ಕೊಡುವುದೇಕೆ?

ಆಕ್ಷೇಪಗಳು ಹಗುರವಲ್ಲ. ಕೊಳವೆಯಿಂದ ಅನ್ನನಾಳ ಹರಿಯುವುದು ಅಪರೂಪ, ಆದರೆ ಹರಿದರೆ ಪ್ರಾಣಾಂತಕ. ಅನ್ನನಾಳ ಕಿರಿದಾಗಿರುವವರಿಗೆ ಅದನ್ನು ಇಳಿಸಲಾಗದು. ಸೊಂಟದ ಆಪರೇಷನ್ನಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಅಜ್ಜಿ ಎಚ್ಚರವಾಗಿಯೇ ಇರುತ್ತಾರೆ. ಅವರಿಗೆ ಎದೆಯ ಮೇಲಿಂದಲೇ ನೋಡಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯ ತಪ್ಪಾಗಿ ಓದುವುದು. ಆದ್ದರಿಂದ ಪ್ರತಿ ರೋಗಿಗೂ ಬೇಕೆಂದು ನಾನು ಹೇಳುತ್ತಿಲ್ಲ. ಹೃದಯ ದುರ್ಬಲವೆಂದು ಮೊದಲೇ ಗೊತ್ತಿದ್ದವರಿಗೆ, ಕಾರಣ ತಿಳಿಯದೆ ಬಿ.ಪಿ. ಕುಸಿದವರಿಗೆ ಸಿಗಲೇಬೇಕು.

ಅದಕ್ಕೆ ಯಂತ್ರಕ್ಕಿಂತ ಹೆಚ್ಚಾಗಿ ಕಲಿತ ಅರಿವಳಿಕೆ ತಜ್ಞರು ಬೇಕು. ಸ್ನಾತಕೋತ್ತರ ತರಬೇತಿಯಲ್ಲೇ ಹೃದಯದ ಮೂಲ ನೋಟಗಳನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಹಿಡಿದು ಓದಲು ಕಲಿಸಬೇಕು. ಅಲ್ಟ್ರಾಸೌಂಡ್ ಯಂತ್ರಗಳಿಗೆ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯ ನೋಂದಣಿ ಕಡ್ಡಾಯ, ಇರಬೇಕಾದ್ದೇ. ಥಿಯೇಟರಿನ ಯಂತ್ರಕ್ಕೂ ಆ ಕಾಗದಪತ್ರಗಳನ್ನು ಆಸ್ಪತ್ರೆ ಮುಂಚೆಯೇ ಮುಗಿಸಿಟ್ಟಿರಬೇಕು. ನಡುರಾತ್ರಿ ಅಪಘಾತದ ಗಾಯಾಳುವಿನ ಬಿ.ಪಿ. ಇಳಿಯುವಾಗ ಯಂತ್ರದ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕುವಂತಾಗಬಾರದು.